ಎಡಭುಜದ ಗುಂಡಿಗಳು

ಇಂದು ಬೆಳಗ್ಗೆ ಗಂಧ ತೇಯಲೆಂದು ಸಾಣೆಕಲ್ಲನ್ನು ಎತ್ತಿದಾಗ ಅದರ ಹಿಂದೆ ಒಂದು ಚಿಪ್ಪಿನ ಗುಂಡಿ ಸಿಕ್ಕಿತು. ವಡಾಲದ ನಮ್ಮ ಕಾಲನಿಯ ಎರಡು ಕೋಣೆಗಳ ಮನೆಯಲ್ಲಿ ದೇವರಿಗೆ ಪ್ರತ್ಯೇಕ ಸ್ಥಳವಿಲ್ಲ. ಗೋಡೆಯ ಕಪಾಟಿನ ಮೇಲಿನ ಅಂಕಣ ದೇವರದು, ಕೆಳಗಿನದು ನನ್ನ ಹೆಂಡತಿ ಸುಭದ್ರೆಯ ಹೊಲಿಗೆಯ ಸಾಮಾನಿನದು. ಆದ್ದರಿಂದ ಗುಂಡಿಗಳು ಮೇಲೇರುವುದೂ ತುಳಸೀದಳಗಳು ಕೆಳಗಿಳಿಯುವುದೂ ನಮ್ಮಲ್ಲಿ ಅಪರೂಪವಲ್ಲ. ನಾನು ಗುಂಡಿಯನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದುದನ್ನು ಸುಭದ್ರೆ ಅಡಿಗೆಮನೆಯಿಂದಲೇ ಕಂಡಳು.

“ಅದು ದೇವರದೋ, ನಿಮ್ಮ ಬುವಾರದೋ?”

“ನನಗ ಎರಡೂ ಒಂದs.”

“ಅದs ತ್ರಾಸು ನೋಡ್ರಿ ನಿಮ್ದು,” ಎಂದು ಆಕೆ ಹಾಲಿನ ಪಾತ್ರೆಯ ಕಡೆ ತಿರುಗಿದಳು.

ಪೂಜೆ ಮುಗಿಯಿತು, ಮನಸ್ಸು ಮಾತ್ರ ಆ ಗುಂಡಿಯನ್ನು ಬಿಟ್ಟು ಬರಲಿಲ್ಲ. ಆದುದರಿಂದ ತಮ್ಮೆದುರು ಕುಳಿತಿದ್ದೇನೆ.

ಸಿದ್ಧ ಉಡುಪನ್ನು ಕೊಂಡು ತಂದು, ಅದರ ಸಿದ್ಧತೆಯನ್ನೆಲ್ಲ ಬಿಚ್ಚಿ, ನನಗೆ ಬೇಕಾದಂತೆ ಮತ್ತೆ ಕಟ್ಟಿಸಿಕೊಂಡು ತೊಡುವ ಒಂದು ಅಭ್ಯಾಸ ನನಗೆ ಯೌವನದಿಂದಲೂ ಇದೆ. ದಹಿಸರಿನಲ್ಲಿ ಹಣಮಂತರಾಯರೆಂಬ ವಿಜಯಪುರದ ಕಡೆಯ ವ್ಯಾಪಾರಿಗಳು ಬಟ್ಟೆಯಂಗಡಿ ಇಟ್ಟಿದ್ದಾರೆ. ಅವರಲ್ಲಿ ಬಿಳಿಯ ರೆಡಿಮೇಡ್ ಜುಬ್ಬಾ ಕೊಳ್ಳುತ್ತೇನೆ. ಮನೆಗೆ ಬಂದೊಡನೆ ಅದರ ಕಾಲರು ಹೋಗುತ್ತದೆ. ಎದೆಯ ನಡುವಿನ ಪಟ್ಟಿ ಮುಚ್ಚಿಹೋಗುತ್ತದೆ. ತೋಳು ನಾಲ್ಕು ಬೆರಳು ಅಗಲವಾಗುತ್ತದೆ. ಕೊನೆಗೆ ಕೊರಳಿನಿಂದ ಎಡಭುಜದ ತುದಿಯವರೆಗೆ ನಾಲ್ಕು ಚಿಪ್ಪಿನ ಗುಂಡಿಗಳು ಸಾಲಾಗಿ ಬಂದು ಕೂರುತ್ತವೆ. ಇವು ಬಿಚ್ಚುವ ಗುಂಡಿಗಳಲ್ಲ. ಕೆಳಗೆ ಕಾಜಾ ಇಲ್ಲ, ಸೀಳಿಲ್ಲ. ಮುಚ್ಚಿದ ಹೊಲಿಗೆಯ ಮೇಲೆ ಕೂತ ಅಲಂಕಾರ ಮಾತ್ರ. ದೇವಾಲಯದ ಗೋಡೆಯಲ್ಲಿ ಕೆತ್ತಿದ ಹುಸಿಬಾಗಿಲನ್ನು ತಾವು ನೋಡಿರಬಹುದು. ಅಂಥದೇ ಒಂದು ಹುಸಿಬಾಗಿಲನ್ನು ನಾನು ಭುಜದ ಮೇಲೆ ಹೊತ್ತು ತಿರುಗಿದೆ.

ಇದು ನನ್ನ ಸ್ವಂತ ಕಲ್ಪನೆಯಲ್ಲ. ಇದು ಬುವಾರ ಜುಬ್ಬಾದ ರೀತಿ. ಹಿರಿಯರ ಹೆಸರು ಹಿಡಿದು ಹೇಳುವ ರೂಢಿ ನಮ್ಮಲ್ಲಿಲ್ಲವಾದ್ದರಿಂದ ಬುವಾ ಎಂದಷ್ಟೇ ಹೇಳುತ್ತೇನೆ. ಧಾರವಾಡದಲ್ಲಿ ಅವರ ಪಾದಮೂಲದಲ್ಲಿ ಕುಳಿತು ಕೆಲವು ವರ್ಷ ಗಾಯನ ಕಲಿತೆ. ಹಾಡುಗಾರನಾಗಲಿಲ್ಲ, ಮುಂಬಯಿಗೆ ಬಂದು ಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದೆ. ಗುರುವಿನಿಂದ ಕಂಠ ಬರದವನಿಗೆ ಗುರುವಿನ ಅಂಗಿಯಾದರೂ ಬರಲಿ ಎಂಬ ಆಸೆ ಇದ್ದಿರಬೇಕು.

ನಾನು ಬೆಳೆದ ಮನೆಯಲ್ಲಿ ರೆಡಿಮೇಡ್ ಎಂಬ ಶಬ್ದಕ್ಕೆ ಗೌರವವಿರಲಿಲ್ಲ. ದೀಪಾವಳಿಗೆ ಒಂದೇ ಥಾನಿನಿಂದ ಅಣ್ಣತಮ್ಮಂದಿರಿಗೆಲ್ಲ ಅಂಗಿ. ಸಾಲಾಗಿ ನಿಂತರೆ ಒಂದೇ ಪರದೆಯನ್ನು ತುಂಡು ಮಾಡಿ ನಿಲ್ಲಿಸಿದಂತೆ ಕಾಣುತ್ತಿದ್ದೆವು. ಅಳತೆಯನ್ನು ಮುಂದಿನ ವರ್ಷಕ್ಕೂ ಸೇರಿಸಿಯೇ ಕೊಡಲಾಗುತ್ತಿತ್ತು. ಒಮ್ಮೆ ಸೋದರಮಾವ ಹುಬ್ಬಳ್ಳಿಯಿಂದ ನನಗೊಂದು ರೆಡಿಮೇಡ್ ಅಂಗಿ ತಂದಾಗ ತಂದೆಯವರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, “ಯಾರ ಮೈಯಿ ನೋಡಿ ಹೊಲದಾರೋ ಇದನ್ನ?” ಎಂದಿದ್ದರು. ಆ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಯಾರೋ ಒಬ್ಬ ಕಾಣದ ಹುಡುಗನಿದ್ದಾನೆ, ಅಂಗಿ ಅವನದು, ನಾನು ಅದರೊಳಗೆ ಬಾಡಿಗೆಗೆ ಇದ್ದೇನೆ ಎಂದು ಭಾವಿಸಿ, ಸಂಕೋಚದಿಂದ ತೋಳುಗಳನ್ನು ಮೈಗೆ ಅಂಟಿಸಿಕೊಂಡು ಓಡಾಡುತ್ತಿದ್ದೆ.

ಬುವಾರನ್ನು ಮೊದಲು ಕಂಡದ್ದು ಮಠದ ಅಂಗಳದಲ್ಲಿ, ಒಂದು ಆರಾಧನೆಯ ಸಂಜೆ. ಬಿಳಿಯ ಜುಬ್ಬಾ, ಎಡಭುಜದ ಮೇಲೆ ದೀಪದ ಬೆಳಕಿಗೆ ಮಿನುಗುವ ನಾಲ್ಕು ಗುಂಡಿ. ಬಲಗೈ ಸ್ವರದ ಜೊತೆ ಏರುತ್ತದೆ, ತಿರುಗುತ್ತದೆ, ಹಕ್ಕಿಯಂತೆ ಬಂದು ಇಳಿಯುತ್ತದೆ. ಎಡಗೈ ಮಾತ್ರ ತೊಡೆಯ ಮೇಲೆ, ಅಂಗೈ ಕೆಳಗಾಗಿ, ಕದಲದೆ ಇದೆ. ಮೂರು ತಾಸು ಹಾಡಿದರು. ಆ ಕೈ ಒಮ್ಮೆಯೂ ಏಳಲಿಲ್ಲ. ನನಗೆ ಅದು ತಪಸ್ಸಿನಂತೆ ಕಂಡಿತು.

ಅಂಥ ದರ್ಶನವನ್ನು ಸುಮ್ಮನೆ ಬಿಡುವವರು ಯಾರು? ಶಿಷ್ಯರೆಲ್ಲರ ಎಡಭುಜದ ಮೇಲೆ ಗುಂಡಿಗಳು ಹುಟ್ಟಿಕೊಂಡವು. ಹಾಡುವಾಗ ಎಡಗೈಗಳು ತೊಡೆಗೆ ಅಂಟಿಕೊಂಡವು. ಬೆಳಗಾವಿಯ ಶಿಷ್ಯರು ಗುಂಡಿ ಐದು ಎಂದರು. ಧಾರವಾಡದ ನಾವು ನಾಲ್ಕೇ ಎಂದು ಹಟ ಹಿಡಿದೆವು. ಈ ಭೇದದಿಂದ ಎರಡು ಪಂಗಡಗಳು ಕೆಲಕಾಲ ಮಾತು ಬಿಟ್ಟದ್ದೂ ಉಂಟು. ನಾನಂತೂ ಸಂಸ್ಕೃತ ಓದಿದವನು. ಬಲಗೈ ಚಲಿಸುವ ಜಗತ್ತು, ಎಡಗೈ ಅದರ ನಡುವಿನ ಅಚಲ ಸ್ತಂಭ ಎಂದು ಒಂದು ವ್ಯಾಖ್ಯಾನ ಕಟ್ಟಿ, ಅದಕ್ಕೆ ‘ಸ್ಥಾಣುಮುದ್ರೆ’ ಎಂದು ಹೆಸರಿಟ್ಟೆ. ಪ್ರತಿವರ್ಷ ದಹಿಸರಿನಲ್ಲಿ ಹಣಮಂತರಾಯರು ನಡೆಸುವ ಬುವಾರ ಆರಾಧನೆಯಲ್ಲಿ ಈ ವಿಷಯವಾಗಿ ನನ್ನದೊಂದು ಪುಟ್ಟ ಪ್ರವಚನವಿರುತ್ತದೆ. ಕೇಳುವವರು ತಲೆದೂಗುತ್ತಾರೆ. ಹಾಗೆ ತಲೆದೂಗಿಸಿಕೊಂಡವನಿಗೆ ಸಂದೇಹ ಎಲ್ಲಿಂದ ಬರಬೇಕು?

ಇಲ್ಲಿ ನನ್ನ ಮೊಮ್ಮಗಳು ಗೌತಮಿ ಬರುತ್ತಾಳೆ. ಪವಾಯಿಯಲ್ಲಿ ತಂದೆತಾಯಿಯರ ಜೊತೆ ಇದ್ದು ಕಾಲೇಜಿಗೆ ಹೋಗುತ್ತಾಳೆ. ಶನಿವಾರ ಭಾನುವಾರ ನನ್ನಲ್ಲಿ ಹಾಡು ಕಲಿಯಲು ಬರುತ್ತಾಳೆ. ಕನ್ನಡ ತಿಳಿಯುತ್ತದೆ, ಮಾತಾಡುವಾಗ ಅದು ಹಿಂದಿಯ ಕೈ ಹಿಡಿದುಕೊಂಡೇ ನಡೆಯುತ್ತದೆ. ಕಂಠ ಮಾತ್ರ ಶುದ್ಧ. ಬುವಾರು ಕೇಳಿದ್ದರೆ ಕಣ್ಣು ಮುಚ್ಚುತ್ತಿದ್ದರು. ಈಕೆ ಹುಟ್ಟಾ ಎಡಚಿ. ಸ್ವರ ಏರಿದೊಡನೆ ಎಡಗೈ ತಾನಾಗಿ ಎದ್ದುಬಿಡುತ್ತಿತ್ತು. ನಾನು ತಡೆದೆ. ಮೊದಲು ಮಾತಿನಿಂದ, ಆಮೇಲೆ ಕಣ್ಣಿನಿಂದ, ಕೊನೆಗೆ ಆ ಕೈಯಲ್ಲಿ ಒಂದು ಹಿಡಿ ತುಳಸಿಯನ್ನು ಕೊಟ್ಟು. ತುಳಸಿ ಚೆಲ್ಲಬಾರದಲ್ಲ!

ಕೈ ನಿಂತಿತು. ಅದರ ಜೊತೆಗೆ ಇನ್ನೊಂದೂ ನಿಂತಿತು. ತಾರಸ್ಥಾಯಿಯ ಷಡ್ಜ, ಹಿಂದೆ ನೀರು ಕುಡಿದಷ್ಟು ಸುಲಭವಾಗಿ ಬರುತ್ತಿದ್ದುದು, ಈಗ ಬಾಗಿಲಿಗೆ ಬಂದು ಹಿಂದಿರುಗತೊಡಗಿತು.

“ಅಜ್ಜಾ, ನಂಗೆ ಆಗ್ತಾನೇ ಇಲ್ಲ. ಗಲಾ ಲಾಕ್ ಆಗ್ತದೆ. ಹಾಥ್ ಉಠಾಊಂ ತೋ ಬರ್ತದೆ, ಪ್ರಾಮಿಸ್.”

“ಬಲಗೈ ಎತ್ತವಾ.”

“ಅದು ನಂದೇ ಅಲ್ಲ ಅನ್ನಿಸ್ತದೆ. ಕಿಸೀ ಔರ್ ಕಾ ಹಾಥ್.”

“ಸಾಧನೆ ಮಾಡು, ಬರ್ತದ.”

ಈ ವರ್ಷದ ಆರಾಧನೆಯಲ್ಲಿ ಸೂರ್ಯಾಸ್ತದ ಹೊತ್ತಿಗೆ ಹಾಡುವ ಅವಕಾಶವನ್ನು ಹಣಮಂತರಾಯರು ಅವಳಿಗೆ ಕೊಟ್ಟರು. ಬುವಾರ ತಂಗಿ ಕಾಶಕ್ಕ ಧಾರವಾಡದಿಂದ ಮೊದಲ ಬಾರಿಗೆ ಬರುವವರಿದ್ದರು. ನಾನು ಮಾರವಾ ರಾಗವನ್ನು ಆರಿಸಿದೆ. ಅದು ಬುವಾರ ರಾಗ. ತಾಲೀಮಿನಲ್ಲಿ ಷಡ್ಜ ಮತ್ತೆ ಮತ್ತೆ ಒಡೆಯಿತು. ಒಂದು ಭಾನುವಾರ ಗೌತಮಿ ತಂಬೂರಿಯನ್ನು ಗೋಡೆಗೊರಗಿಸಿ, ನನ್ನ ಮುಖ ನೋಡದೆ ಹೇಳಿದಳು.

“ಅಜ್ಜಾ, ಸ್ಟೇಜ್ ಮೇಲೆ ಒಡೆದ್ರೆ ಬಸ್. ಮತ್ತೆ ಹಾಡಲ್ಲ. ಯಾರಿಗೂ ಬೇಜಾರಿಲ್ಲ, ಆದ್ರೆ ಹಾಡಲ್ಲ.”

ಅವಳ ದನಿಯಲ್ಲಿ ಕೋಪವಿದ್ದಿದ್ದರೆ ನಾನು ಹೆದರುತ್ತಿರಲಿಲ್ಲ. ಶಾಂತವಾಗಿ ಹೇಳಿದಳು. ಇವಳ ತಾಯಿ ಹೀಗೆಯೇ ಶಾಂತವಾಗಿ ಒಂದು ದಿನ ಹಾಡು ಬಿಟ್ಟಿದ್ದಳು, ಮತ್ತೆ ಹಾಡಲಿಲ್ಲ.

ಹೆದರಿದವನು ವಿವೇಕಿಯಾಗಬೇಕೆಂಬ ನಿಯಮವಿಲ್ಲ. ನಾನು ನಿಯಮವನ್ನು ಇನ್ನಷ್ಟು ಬಿಗಿ ಮಾಡಿದೆ. ಅವಳಿಗಾಗಿ ಹಣಮಂತರಾಯರ ಅಂಗಡಿಯಿಂದ ಒಂದು ಬಿಳಿಯ ರೆಡಿಮೇಡ್ ಕುರ್ತಾ ತಂದು, ಬುವಾರ ಮಾದರಿಯಲ್ಲಿ ತಿದ್ದಲು ಸುಭದ್ರೆಯ ಹೊಲಿಗೆಯಂತ್ರದ ಮುಂದೆ ಇಟ್ಟೆ. ಕಾಲರು ತೆಗೆಯುವುದು, ಗುಂಡಿ ನಾಲ್ಕು. ಇಷ್ಟಕ್ಕೆ ಸುಭದ್ರೆ ಒಪ್ಪಿದಳು. ಆಮೇಲೆ ನಾನು ಹೇಳಿದೆ: “ಎಡಗಡೆ ಬಗಲಿನಿಂದ ಒಂದು ಗೇಣು ಕೆಳಗಿನತನಕ ತೋಳನ್ನ ಪಕ್ಕಕ್ಕ ಸೇರಿಸಿ ಹೊಲದುಬಿಡು.”

ಯಂತ್ರದ ಚಕ್ರ ನಿಂತಿತು.

“ಕೈ ಹ್ಯಾಂಗ ಎತ್ತಬೇಕು ಆಕಿ?”

“ಎತ್ತಬಾರದು ಅಂತs ಹೇಳ್ಲಿಕ್ಹತ್ತೇನಿ.”

“ಇದು ಅಂಗಿ ಏನ್ರೀ, ಇಲ್ಲಾ ಕಟ್ಟಿಹಾಕೋ ಹಗ್ಗ?”

“ಪದ್ಧತಿ ಅದ, ಸುಭದ್ರಾ.”

“ಪದ್ಧತಿ ಇದ್ರ ಗಂಡಸರಿಗೂ ಹಿಂಗs ಹೊಲೀಲ್ಯಾ? ನಾಳೆಯಿಂದ ನಿಮ್ಮ ಬಲಗೈ ಸುದ್ದಾ ಸೇರಿಸಿ ಹೊಲೀತೇನಿ. ಊಟಕ್ಕ ನಾನs ತಿನಸ್ತೇನಿ, ತ್ರಾಸಿಲ್ಲ.”

ಹಾಗೆ ಅಂದಳಾದರೂ ಹೊಲಿದಳು. ಗೌತಮಿ ತೊಟ್ಟು ನೋಡಿ ಕನ್ನಡಿಯ ಮುಂದೆ ನಿಂತಳು. ಎಡಗೈಯನ್ನು ಮೆಲ್ಲಗೆ ಎತ್ತಲು ನೋಡಿದಳು. ಮೊಣಕೈ ಪಕ್ಕೆಯನ್ನು ಬಿಡಲಿಲ್ಲ. “ಥ್ಯಾಂಕ್ಯೂ ಅಜ್ಜಿ” ಎಂದಷ್ಟೇ ಹೇಳಿ ಮಡಿಚಿಟ್ಟಳು.

ಇದೇ ಸಮಯಕ್ಕೆ ನನ್ನ ಎಡಭುಜ ಹಟ ಹಿಡಿಯತೊಡಗಿತ್ತು. ಮೊದಲು ವಾಯುವೆಂದೆ, ಎಣ್ಣೆ ತಿಕ್ಕಿಸಿಕೊಂಡೆ. ಆಮೇಲೆ ಆ ಕೈಯಿಂದ ಮೇಲಿನ ಕಪಾಟಿನ ಪಂಚಾಂಗ ತೆಗೆಯಲಾಗಲಿಲ್ಲ. ಡಾಕ್ಟರು ಕೈಯನ್ನು ಹಿಡಿದು ಒಂದು ಮಟ್ಟದವರೆಗೆ ಎತ್ತಿ, ನನ್ನ ಮುಖ ನೋಡಿ, ಮೆಲ್ಲಗೆ ಕೆಳಗಿಟ್ಟು, “ಫ್ರೋಜನ್ ಶೋಲ್ಡರ್” ಎಂದರು. ಮನೆಯಲ್ಲಿ ಮುಂದೆ ಗುಂಡಿಯಿರುವ ಶರ್ಟು ತೊಟ್ಟು ಕಾಲ ಕಳೆದೆ. ಆರಾಧನೆಯ ದಿನ ಮಾತ್ರ ಜುಬ್ಬಾ ತಪ್ಪಿಸುವಂತಿರಲಿಲ್ಲ.

ಅಂದು ಮಧ್ಯಾಹ್ನ ಗೌತಮಿ ಸ್ನಾನಕ್ಕೆ ಹೋಗಿದ್ದಳು. ನಾನು ಜುಬ್ಬಾವನ್ನು ತಲೆಯಿಂದ ಇಳಿಸಿದೆ. ಬಲಗೈ ಹೋಯಿತು. ಎಡಗೈ ಹೋಗಲಿಲ್ಲ. ಹಿಂದಕ್ಕೆ ತೆಗೆಯಲು ನೋಡಿದೆ, ಅದೂ ಆಗಲಿಲ್ಲ. ತಲೆ ಒಳಗೆ, ಒಂದು ಕೈ ಹೊರಗೆ, ಇನ್ನೊಂದು ಕೈ ಎಲ್ಲಿಯೋ ನಡುವೆ. ಭುಜದಿಂದ ಕಿಡಿ ಹಾರಿದಂತೆ ನೋವು. ಬಿಳಿಯ ಬಟ್ಟೆಯೊಳಗಿನಿಂದ ನಾನು ಇಷ್ಟದೈವವನ್ನು ಕರೆದೆ, ಬಂದವಳು ಸುಭದ್ರೆ.

“ಅಯ್ಯ! ಅಲ್ಲಾಡಬ್ಯಾಡ್ರಿ. ಹಂಗs ನಿಂದರ್ರಿ.”

“ಗಾಡಿಗೆ ವ್ಯಾಳ್ಯಾ ಆತು.”

“ಗಾಡಿ ಹೋಗ್ಲಿ. ತೋಳು ಹೋದ್ರ ಏನ್ ಮಾಡ್ತೀರಿ?” ಕತ್ತರಿಯ ಸದ್ದು ಕಿವಿಯ ಹತ್ತಿರ ಬಂದಿತು.

“ಎಲ್ಲೆ ಕತ್ತರಸ್ತಿ?”

“ಗುಂಡಿ ಅವಲ್ಲಾ, ಅಲ್ಲೇ. ಮತ್ತೆಲ್ಲೆ? ಇಲ್ಲೇ ಬಿಚ್ಚಲಿಕ್ಕೆ ಬರೋ ಹಂಗ ಇದ್ದಿದ್ರ ಇಷ್ಟು ಫಜೀತಿನs ಇರ್ತಿರಲಿಲ್ಲ. ತೋಳು ಎತ್ತೋದs ಬ್ಯಾಡ. ಮೊದಲ ಆ ಕೈಗೆ ತೊಡಸೋದು, ಆಮ್ಯಾಲೆ ಭುಜದ ಮ್ಯಾಲೆ ಗುಂಡಿ ಹಾಕೋದು…”

ಗುಂಡಿಯೊಂದು ಕಿತ್ತುಬಂದು ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳಿತು.

“ಏನ್ರೀ…” ಎಂದಳು.

“ಗೊತ್ತಾತು. ಸುಮ್ನಿರು.”

ಭುಜ ತೆರೆಯಿತು, ಬೆಳಕು ಬಂದಿತು. ಆಕೆ ಎಡದೋಳನ್ನು ಕೆಳಗಿನಿಂದಲೇ ತೊಡಿಸಿ, ಭುಜದ ಮೇಲೆ ಎರಡು ಪಿನ್ನು ಹಾಕಿದಳು. ನೋವಾಗಲಿಲ್ಲ. ಇಷ್ಟು ವರ್ಷ ನನ್ನ ಭುಜದ ಮೇಲಿದ್ದ ಹುಸಿಬಾಗಿಲು ಮೊದಲ ಬಾರಿಗೆ ಬಾಗಿಲಾಯಿತು.

ಆದರೆ ಪ್ರವಚನಕಾರನ ಬುದ್ಧಿ ಅಷ್ಟು ಬೇಗ ಶರಣಾಗುವುದೇ? ಒಬ್ಬ ವೃದ್ಧನ ಭುಜ ಹಿಡಿಯಿತೆಂದ ಮಾತ್ರಕ್ಕೆ ಗುರುವಿನ ಭುಜವೂ ಹಾಗೆಯೇ ಇತ್ತೆಂದು ಹೇಗೆ ಹೇಳುವುದು? ಇದು ಊಹೆ, ಪ್ರಮಾಣವಲ್ಲ. ಸುಭದ್ರೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ಆ ಹುಡುಗಿ ತೋಳು ಬಿಚ್ಚಲ್ಯಾ?”

“ಬ್ಯಾಡ. ಒಂದು ಜುಬ್ಬಾ ಸಿಕ್ಕಿಬಿತ್ತಂತ ಪರಂಪರಾ ಬದಲಿ ಆಗಂಗಿಲ್ಲ.”

“ಹೌದ್ಹೌದು,” ಎಂದಳು. ಜಗಳವಾಡಬೇಕಾಗಿದ್ದ ಕಡೆ ಆಕೆ ಒಪ್ಪಿಕೊಂಡರೆ ನನಗೆ ಯಾವಾಗಲೂ ಭಯವಾಗುತ್ತದೆ. ಅಂದು ಭಯಪಡಲೂ ಸಮಯವಿರಲಿಲ್ಲ.

ವಡಾಲದಿಂದ ಹಾರ್ಬರ್ ಲೈನಿನಲ್ಲಿ ಅಂಧೇರಿಗೆ ಹೋಗಿ, ಅಲ್ಲಿ ದಹಿಸರಿನ ಲೋಕಲ್ ಹಿಡಿದೆವು. ಭಾನುವಾರವಾದರೂ ಗರ್ದಿಯಿತ್ತು. ಯಾರೋ ಪುಣ್ಯಾತ್ಮರು ನಮ್ಮಿಬ್ಬರಿಗೆ ಸ್ಥಳ ಬಿಟ್ಟರು, ಗೌತಮಿ ನಿಂತಿದ್ದಳು. ಗಾಡಿ ಜೋಲಿ ಹೊಡೆದಾಗ ಅವಳ ಎಡಗೈ ಅಭ್ಯಾಸದಿಂದ ಮೇಲಿನ ಹಿಡಿಕೆಯ ಕಡೆ ಹೊರಟಿತು. ಹೊಲಿಗೆ ಹಿಡಿದೆಳೆಯಿತು. ಅವಳು ತೂಗಾಡಿ, ಬಲಗೈ ಬದಲಿಸುವ ಮೊದಲು ಪಕ್ಕದ ಹೆಂಗಸಿನ ಮೇಲೆ ವಾಲಿದಳು. “ಸಾರೀ, ಸಾರೀ,” ಎಂದಳು. ನನ್ನ ಕಡೆ ನೋಡಲಿಲ್ಲ. ತುಟಿಯೊಳಗೆ ರಿಷಭ, ಧೈವತ ಎಂದು ಗುನುಗುತ್ತಿದ್ದಳು. ಷಡ್ಜದ ಹತ್ತಿರ ಬಂದಾಗಲೆಲ್ಲ ಗುನುಗು ನಿಲ್ಲುತ್ತಿತ್ತು. ನಾನು ಮಲಾಡಿನಿಂದ ದಹಿಸರಿನವರೆಗೆ ಜಪ ಮಾಡಲು ಪ್ರಯತ್ನಿಸಿದೆ. ನಾಲಿಗೆ ಜಪ ಮಾಡುತ್ತಿತ್ತು, ಕಿವಿ ಆ ನಿಲುಗಡೆಗಳನ್ನು ಕಾಯುತ್ತಿತ್ತು.

ಸಭಾಗೃಹದ ಬಾಗಿಲಲ್ಲಿ ಹಣಮಂತರಾಯರು ಎದುರುಗೊಂಡರು. “ಬರ್ರಿ ಆಚಾರ್ರs, ಬರ್ರಿ. ತಡಾ ಮಾಡಿದ್ರಿ. ಹೊತ್ತು ಮುಳುಗಾಕ ಬಂತು. ಏನವಾ ಗೌತಮಿ, ತಯಾರಾ? ಹೋಗು, ಮ್ಯಾಲೆ ಹೋಗಿ ಕೂಡು, ತಬಲಾದವರು ಕಾಯಾಕತ್ತಾರ.” ಅವಳು ತಲೆಯಾಡಿಸಿ ವೇದಿಕೆಯ ಕಡೆ ನಡೆದಳು. ಸುಭದ್ರೆ ಹೆಂಗಸರ ಸಾಲಿಗೆ ಹೋದಳು.

ಮುಂದಿನ ಸಾಲಿನಲ್ಲಿ, ಬಿಳಿಯ ಸೀರೆಯಲ್ಲಿ, ಸಣ್ಣದಾಗಿ ಮುದುಡಿ ಕುಳಿತಿದ್ದರು ಕಾಶಕ್ಕ. ನಾನು ಬಾಗಿ ನಮಸ್ಕರಿಸಿದೆ. ಅವರು ನನ್ನ ಭುಜದ ಪಿನ್ನುಗಳನ್ನು ನೋಡಿದರು. ಆಮೇಲೆ ಹಣಮಂತರಾಯರ ಭುಜವನ್ನು ನೋಡಿದರು. ಆಮೇಲೆ ಕುತ್ತಿಗೆ ತಿರುಗಿಸಿ ಹಿಂದಿನ ಸಾಲುಗಳನ್ನು ನೋಡಿದರು. ಬಿಳಿಯ ಜುಬ್ಬಾಗಳು, ಎಲ್ಲ ಎಡಭುಜಗಳ ಮೇಲೂ ಗುಂಡಿಗಳ ಸಾಲು.

“ಅಲ್ರೋ,” ಎಂದರು ಕಾಶಕ್ಕ, “ಇವರೆಲ್ಲಾರಿಗೂ ತೋಳು ಹಿಡದಾವೇನು?”

ಹಣಮಂತರಾಯರು ಇದನ್ನು ವಿನೋದವೆಂದು ತಿಳಿದು ನಕ್ಕರು. “ಬುವಾರ ಪದ್ಧತಿರೀ ಅವ್ವಾರ. ನಾವೆಲ್ಲಾ ಹಂಗs ನಡಸಿಕೊಂಡ ಬಂದೀವ್ರಿ.”

“ಎಂಥಾ ಪದ್ಧತಿ? ಹರೇದಾಗ ಅಟ್ಟದ ಮ್ಯಾಲಿಂದ ಬಿದ್ದು ಎಡತೋಳು ಕೂತಿತ್ತು ಅವಂದು, ಎತ್ತಲಿಕ್ಕs ಬರತಿರಲಿಲ್ಲ. ಅಂಗಿ ತೊಡಸೋದು ಅಂದ್ರ ಮನಿಮಂದಿಯೆಲ್ಲಾ ಕೂಡಬೇಕಾಗತಿತ್ತು. ಆಮ್ಯಾಲೆ ನಮ್ಮವ್ವನs ಅಂಗಿ ಭುಜ ಕತ್ತರಿಸಿ ಗುಂಡಿ ಹಚ್ಚಿಕೊಟ್ಲು.” ನನ್ನ ಕಡೆ ತಿರುಗಿದರು. “ನೀವು ಅವನ ಕಡೆ ಕಲತವರಲ್ಲಾ? ಹೇಳಿರಲಿಲ್ಲೇನು ನಿಮಗ?”

“ಇಲ್ಲ.”

“ಕೇಳಿದ್ರೇನು?”

“ಕೇಳಲಿಲ್ಲ.”

“ಹಂಗಾದ್ರ ಅಂವ ತಾನಾಗೇ ಯಾಕ ಹೇಳ್ಯಾನು!” ಎಂದು ಕಾಶಕ್ಕ ಸೆರಗನ್ನು ಸರಿಪಡಿಸಿಕೊಂಡರು.

ನಾನು ವೇದಿಕೆಯ ಕಡೆ ತಿರುಗಿದೆ. ಗೌತಮಿ ಮೈಕಿನ ಮುಂದೆ ಕುಳಿತಾಗಿತ್ತು. ಎಡಗೈ ತೊಡೆಯ ಮೇಲೆ, ಅಂಗೈ ಕೆಳಗಾಗಿ, ನಾನು ಕಲಿಸಿದಂತೆಯೇ ಇತ್ತು. ಅವಳ ಹಿಂದೆ ತಂಬೂರಿ ಹಿಡಿಯಬೇಕಾದವನು ನಾನು. ಮೆಟ್ಟಿಲು ಹತ್ತಿ, ಅವಳ ಕಿವಿಯಲ್ಲಿ ಒಂದು ಮಾತು ಹೇಳಿಬಿಡೋಣವೆಂದು ಬಾಗುವಷ್ಟರಲ್ಲಿ ಹಣಮಂತರಾಯರು ಮೈಕನ್ನು ಎಳೆದುಕೊಂಡರು. ಬುವಾರ ಮಹಿಮೆ ಹೇಳಿದರು. ನನ್ನ ವಿದ್ವತ್ತನ್ನು ಹೊಗಳಿದರು. ಸ್ಥಾಣುಮುದ್ರೆಯನ್ನು ವಿವರಿಸಿದರು. “ಈ ಹುಡುಗಿ ಎಡಗೈಯನ್ನ ನೋಡ್ರಿ ನೀವೆಲ್ಲಾ,” ಎಂದರು. “ಏಳಂಗಿಲ್ಲ. ಅಜ್ಜಾರು ಹಂಗ ತಯಾರು ಮಾಡ್ಯಾರ.” ಚಪ್ಪಾಳೆ ಬಿತ್ತು. ಕಾಶಕ್ಕ ಮಾತ್ರ ಕೈ ತಟ್ಟದೆ ಆ ಹುಡುಗಿಯ ತೋಳನ್ನೇ ದಿಟ್ಟಿಸುತ್ತಿದ್ದರು. ಚಪ್ಪಾಳೆ ಮುಗಿಯುವ ಮೊದಲೇ ಗೌತಮಿ ಕಣ್ಣು ಮುಚ್ಚಿ ಸ್ವರ ಹಿಡಿದಳು. ನನ್ನ ಬೆರಳುಗಳು ತಂತಿಯ ಮೇಲೆ ಹೋದವು. ಹೇಳಬೇಕಾದ ಮಾತು ಹೇಳದೆಯೇ ಉಳಿಯಿತು.

ಮಾರವಾದಲ್ಲಿ ಷಡ್ಜವನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ರಿಷಭದ ಬಳಿ ನಿಲ್ಲುತ್ತಾರೆ, ಧೈವತದ ಬಳಿ ನಿಲ್ಲುತ್ತಾರೆ, ಮನೆಯ ಸುತ್ತಲೇ ತಿರುಗುತ್ತಾರೆ; ಒಳಗೆ ಹೋಗುವುದಿಲ್ಲ. ಕೇಳುವವನ ಜೀವ ಬಾಯಿಗೆ ಬಂದಾಗ ಷಡ್ಜ ಬರುತ್ತದೆ. ಗೌತಮಿ ಕೆಳಗಿನ ಸ್ವರಗಳಲ್ಲಿ ತಾಳ್ಮೆಯಿಂದ ನಡೆದಳು. ತಬಲಾದವರು ಮೆಚ್ಚಿ ತಲೆಯಾಡಿಸಿದರು. ಕಿಟಕಿಯ ಆಚೆ ಆಕಾಶ ಕೆಂಪಾಗಿತ್ತು. ಅವಳು ಏರಿದಳು, ಏರಿ ನಿಷಾದವನ್ನು ಮುಟ್ಟಿ, ಒಂದು ಗಳಿಗೆ ಅಲ್ಲಿ ನಡುಗಿ, ಇಳಿದುಬಿಟ್ಟಳು.

ಇಳಿದದ್ದು ಚಾತುರ್ಯವೆಂದು ಸಭೆ ತಿಳಿಯಿತು. ನನಗೆ ತಿಳಿದಿತ್ತು.

ಎರಡನೆಯ ಸಲ ಏರಿದಾಗ ಅವಳ ಎಡಭುಜ ಬಟ್ಟೆಯೊಳಗೆ ಹೊರಳಿತು. ಹಿಂದೆ ಕುಳಿತವನಿಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು: ಗೂಡಿನೊಳಗೆ ಏನೋ ಮಗ್ಗುಲು ಬದಲಿಸಿದಂತೆ. ಷಡ್ಜ ಬಂತು, ಕೂದಲೆಳೆಯಷ್ಟು ಕೆಳಗೆ ಬಂತು, ಒಡೆಯಿತು. ಯಾರೋ ‘ಚ್ಚು’ ಎಂದರು. ಅವಳು ಥಟ್ಟನೆ ತಗ್ಗಿನ ಸ್ವರಕ್ಕೆ ಬಂದು ನಿಂತಳು. ಕಿವಿಯ ಹಿಂದೆ ಬೆವರಿನ ಹನಿ. ನನ್ನ ಭುಜ ಅದೇ ಗಳಿಗೆಯಲ್ಲಿ ಮಿಡಿಯುತ್ತಿತ್ತು. ಮೂರನೆಯ ಬಾರಿ ಒಡೆದರೆ ಇವಳು ಮನೆಗೆ ಹೋಗಿ ಶಾಂತವಾಗಿ ತಂಬೂರಿಗೆ ಗವಸು ಹಾಕುತ್ತಾಳೆ. ಆ ಗವಸು ಮತ್ತೆ ತೆರೆಯುವುದಿಲ್ಲ.

ಹಾಡಿನ ನಡುವೆ ತಂಬೂರಿಯವನು ಮಾತಾಡಬಾರದು. ಇದು ನಿಜವಾದ ಪದ್ಧತಿ. ಬುವಾರು ಬಾಯಿಬಿಟ್ಟು ಹೇಳಿಕೊಟ್ಟದ್ದು.

“ಗೌತಮಿ,” ಎಂದೆ. “ಕೈ ಎತ್ತವಾ.”

ಮೈಕು ಆ ಮಾತನ್ನು ಸಭಾಗೃಹದ ಕೊನೆಯ ಸಾಲಿನವರೆಗೆ ಕೊಂಡೊಯ್ದಿತು. ಹಣಮಂತರಾಯರ ತಲೆ ಮೇಲಕ್ಕೆದ್ದಿತು. ಗೌತಮಿ ತಿರುಗಲಿಲ್ಲ. ತಾಳದ ಒಂದು ಸುತ್ತು ಪೂರ್ತಿ ಸುಮ್ಮನಿದ್ದಳು. ಕೇಳಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಧೈವತದಿಂದ ಹೊರಟಳು. ತೊಡೆಯ ಮೇಲಿನ ಬೆರಳುಗಳು ಬಿಚ್ಚಿಕೊಂಡವು. ಮುಂಗೈ ಎದ್ದಿತು. ಮೊಣಕೈ ಹೊಲಿಗೆಯ ಕೊನೆಗೆ ಬಂದು ನಿಂತಿತು, ಅವಳು ನಿಲ್ಲಲಿಲ್ಲ. ‘ಸರ್ರ್’ ಎಂದು ದಾರ ಸರಿದ ಸದ್ದು ಮೈಕಿನಲ್ಲಿ ಕೇಳಿತು. ಕೈ ತಲೆಯ ಮೇಲಕ್ಕೆ ಹೋಯಿತು. ಷಡ್ಜ ಅದರ ಜೊತೆಗೇ ಹೋಯಿತು.

ಅದು ಒಡೆಯಲಿಲ್ಲ. ಅವಳು ಬಿಡಲೂ ಇಲ್ಲ. ಕೆಂಪು ಆಕಾಶದ ಕಡೆ ಚಾಚಿದ ಕೈಯ ತುದಿಯಲ್ಲಿ ಆ ಸ್ವರ ನಿಂತಿತು. ನನ್ನ ತಂಬೂರಿಯ ನಾಲ್ಕೂ ತಂತಿಗಳು ಅದಕ್ಕಾಗಿಯೇ ಇದ್ದುವೆಂದು ಮೊದಲ ಬಾರಿಗೆ ಅನ್ನಿಸಿತು. ‘ಚ್ಚು’ ಎಂದವರೇ ಇರಬೇಕು, ‘ಆಹಾ’ ಎಂದರು.

ಅವಳ ತೋಳು ಹರಿದಿರಬೇಕೆಂದು ನೋಡಿದೆ. ಬಟ್ಟೆಯ ಒಂದು ಎಳೆಯೂ ಹೋಗಿರಲಿಲ್ಲ. ಉದ್ದನೆಯ ದಾರವೊಂದು ಮಾತ್ರ ಬಗಲಿನಿಂದ ಜೋತಾಡುತ್ತಿತ್ತು. ಪಕ್ಕಾ ಹೊಲಿಗೆ ಹಾಗೆ ಬಿಚ್ಚುವುದಿಲ್ಲ. ಅದು ಕಚ್ಚಾ ಹೊಲಿಗೆ. ಎಳೆದರೆ ಬರಲೆಂದೇ ಹಾಕಿದ್ದು. ನಾನು ಹೆಂಗಸರ ಸಾಲಿನತ್ತ ನೋಡಿದೆ. ಸುಭದ್ರೆ ಬಹಳ ಆಸಕ್ತಿಯಿಂದ ಮೇಲಿನ ಪಂಖವನ್ನು ನೋಡುತ್ತಿದ್ದಳು.

ಹಾಡು ಮುಗಿದ ಮೇಲೆ ನನ್ನ ಪ್ರವಚನದ ಸರದಿಯಿತ್ತು. ಭುಜದ ನೋವೆಂದು ಹೇಳಿ ತಪ್ಪಿಸಿಕೊಂಡೆ. ಅಷ್ಟು ಸತ್ಯವಾದ ನೆಪ ಜೀವನದಲ್ಲಿ ಇನ್ನೊಂದು ಸಿಕ್ಕಿರಲಿಲ್ಲ. ಹಣಮಂತರಾಯರು ಏನು ಕೇಳಬೇಕೆಂದು ತಿಳಿಯದೆ, ತಮ್ಮ ಭುಜದ ಗುಂಡಿಯೊಂದನ್ನು ತಿರುವುತ್ತ ನಿಂತಿದ್ದರು.

ಕಾಶಕ್ಕ ಗೌತಮಿಯನ್ನು ಹತ್ತಿರ ಕರೆದರು. ಅವಳು ಬಾಗಿ ಕಾಲು ಮುಟ್ಟಹೋದಾಗ ತಡೆದು, “ಅದಲ್ಲ, ಆ ಕೈ ಕೊಡಿಲ್ಲೆ,” ಎಂದು ಅವಳ ಎಡಗೈಯನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡರು. ಅದರ ಅಂಗೈಯನ್ನು ಮೇಲಕ್ಕೆ ತಿರುಗಿಸಿ ನೋಡಿದರು.

“ನಮ್ಮಣ್ಣ ಹಿಂಗs ಎತ್ತತಿದ್ದ,” ಎಂದರು ಕೊನೆಗೆ. “ತೋಳು ಹೋಗೋಕ್ಕಿಂತ ಮೊದಲ. ನಾ ಸಣ್ಣಾಕಿದ್ದೆ. ಅವನ ಕೈ ಮನಿ ಜಂತಿ ಮುಟ್ಟತದ ಅಂತ ಅಂಜತಿದ್ದೆ. ಅದನ್ನ ನೋಡಿದವರು ಈಗ ಯಾರೂ ಉಳದಿಲ್ಲ.” ಅವರು ಕಣ್ಣೊರೆಸಿಕೊಂಡು ಗೌತಮಿಯ ಮುಖವನ್ನು ಹತ್ತಿರ ಎಳೆದುಕೊಂಡರು. “ನಿನಗ ಯಾರು ಕಲಿಸಿದ್ರವಾ ಇದನ್ನ?”

ಗೌತಮಿ ನನ್ನ ಕಡೆ ನೋಡಿದಳು. ನಾನು ನೆಲವನ್ನು ನೋಡಿದೆ.

“ಅಜ್ಜ,” ಎಂದಳು.

ನನ್ನ ಬೆನ್ನ ಹಿಂದೆ ಸುಭದ್ರೆ ಮೆಲ್ಲಗೆ ಕೆಮ್ಮಿದಳು.